ಕೆಸುವಿನ ಟಿಕೇಟು

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು.

ಉಡುಪಿಯ ಬಸ್ ಸ್ಟಾಪಿನಲ್ಲಿ ನಾನು ಒಂದೂವರೆ ಗಂಟೆ ನಿಂತಿದ್ದೆ. ಮಣಿಪಾಲಕ್ಕೆ ಬಸ್ಸು ಇರಲಿಲ್ಲವೇ? ಬೇಕಾದಷ್ಟಿತ್ತು. ಒಂದು ಹಸಿರು ಬಸ್ಸಂತೂ ನನ್ನ ಕಣ್ಣೆದುರೇ ಮಣಿಪಾಲಕ್ಕೆ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ಹೋಗಿ, ಮತ್ತೊಮ್ಮೆ ತಿರುಗಿ ಬಂತು. ನಾನು ಹತ್ತಲಿಲ್ಲ.

ಯಾಕೆ ಹತ್ತಲಿಲ್ಲ? ಹದಿನೈದು ರೂಪಾಯಿ ಉಳಿಸಲಿಕ್ಕೆ.

ಬೇರೆ ಊರಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ. ಆದರೆ ನಮ್ಮ ಉಡುಪಿ ಕಡೆ ಪ್ರೈವೇಟ್ ಬಸ್ಸಿನದ್ದೇ ದರ್ಬಾರು. ಅದು ಐದು ನಿಮಿಷಕ್ಕೊಂದು ಬರುತ್ತದೆ, ದುಡ್ಡು ಕೇಳುತ್ತದೆ. ಸರಕಾರಿ ಬಸ್ಸು ದುಡ್ಡು ಕೇಳುವುದಿಲ್ಲ, ಬರುವುದೂ ಇಲ್ಲ. ಹಾಗಾಗಿ ನಮ್ಮಲ್ಲಿ ಬಸ್ ಸ್ಟಾಪಿನಲ್ಲಿ ಎರಡು ಜಾತಿಯ ಹೆಂಗಸರು ಕಾಣಸಿಗುತ್ತಾರೆ. ಹೋಗುವವರು ಮತ್ತು ಕಾಯುವವರು. ನಾನು ಕಾಯುವ ಜಾತಿ.

ಮೊನ್ನೆ ಅದೇ ಸ್ಟಾಪಿನಲ್ಲಿ ಒಬ್ಬಳು ಬಸ್ಸುಗಳನ್ನು ಬಿಡುತ್ತಾ ನಿಂತಿದ್ದಳು. ಬಗಲಲ್ಲಿ ಕುಂಬಳಕಾಯಿ, ಮುಖದಲ್ಲಿ ಗೆದ್ದವಳ ಕಳೆ. ನೋಡಿ ನಗು ಬಂತು. ಅದಕ್ಕೇ ಈ ವಾರ ಪೇಪರಿಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಮೊದಲು ಕಾರ್ಕಳದ ಬಗಲಿನ ಕುಕ್ಕುಂದೂರಿನಲ್ಲಿದ್ದವಳು. ಓದಿದ್ದು ಮೂರನೇ ಕ್ಲಾಸು. ಮೂವತ್ತು ವರ್ಷ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೂತು ಬೀಜ ಸುಲಿದೆ. ಈಗ ಮಣಿಪಾಲದ ಫ್ಲ್ಯಾಟಿನಲ್ಲಿ ಮಗ ರೋಶನ್, ಸೊಸೆ ಲವೀನಾ ಜೊತೆ ಇದ್ದೇನೆ. ರೋಶನ್ ಏಸಿ ರಿಪೇರಿ ಮಾಡುತ್ತಾನೆ. ಲವೀನಾ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡುತ್ತಾಳೆ. ಒಳ್ಳೆಯ ಹುಡುಗಿ. ನನ್ನನ್ನು ‘ಮಾಂಯ್’ ಎನ್ನುತ್ತಾಳೆ. (ಅತ್ತೆಯನ್ನು ನಾವು ಕೊಂಕಣಿಯವರು ಕರೆಯುವುದೇ ಹಾಗೆ.) ನನಗೂ ಅವಳಿಗೂ ಜಗಳ ಒಂದೇ ವಿಷಯಕ್ಕೆ. ಮನೆಗೆ ಸಾಮಾನು ತರುವ ವಿಷಯಕ್ಕೆ.

ನನ್ನ ಪದ್ಧತಿ ಇದು. ತರಕಾರಿಗೆ ಆದಿ ಉಡುಪಿಯ ಮಾರ್ಕೆಟ್ ಯಾರ್ಡಿಗೇ ಹೋಗಬೇಕು. ಮುಟ್ಟಬೇಕು, ಮುರಿದು ನೋಡಬೇಕು, ರೇಟು ಕೇಳಬೇಕು, ಬೇಡ ಎಂದು ಹೊರಡಬೇಕು, ಅವರು ಕರೆಯಬೇಕು.

ಸೊಸೆಯ ಪದ್ಧತಿ ಹೆಬ್ಬೆರಳಿನದ್ದು. ಸೋಫಾದಲ್ಲಿ ಕೂತು ಮೊಬೈಲು ಒತ್ತುತ್ತಾಳೆ. ಗಂಜಿ ಕುದಿಯುವುದರೊಳಗೆ ಬೆಲ್ಲು ಬಾರಿಸುತ್ತದೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಕೊಡಲಿಕ್ಕೆ ಒಬ್ಬ ಮನುಷ್ಯ ಹೆಲ್ಮೆಟ್ ಹಾಕಿಕೊಂಡು ಮೂರನೇ ಮಾಳಿಗೆಗೆ ಬರುತ್ತಾನೆ. ಆ ಸೊಪ್ಪಿಗೊಂದು ಪ್ಲಾಸ್ಟಿಕ್, ಪ್ಲಾಸ್ಟಿಕ್ಕಿಗೊಂದು ಚೀಲ. ನಮ್ಮ ಮನೆಯ ಮದುಮಗಳಿಗೂ ಅಷ್ಟು ಉಡುಗೆ ಇರಲಿಲ್ಲ.

ಇನ್ನೊಂದು ವಿಚಿತ್ರ ಉಂಟು. ಸೊಪ್ಪಿನ ಜೊತೆ ಪ್ರತಿ ಸಲ ಪಾತ್ರೆ ಉಜ್ಜುವ ಸ್ಪಾಂಜು ಬರುತ್ತಿತ್ತು. ಹಸಿರು ಒಂದು ಕಡೆ, ಹಳದಿ ಇನ್ನೊಂದು ಕಡೆ. ಸಿಂಕಿನ ಕೆಳಗೆ ಸ್ಪಾಂಜಿನ ಗುಡ್ಡವೇ ಆಗಿತ್ತು. ಮೂರು ಜನರ ಮನೆ. ಇಷ್ಟು ಸ್ಪಾಂಜು ಯಾರಿಗೆ? ನಾನು ಕೇಳಲಿಲ್ಲ. ಸೊಸೆಯ ದುಡ್ಡು, ಸೊಸೆಯ ಸ್ಪಾಂಜು.

ಅವಳ ಬದಿಯ ನ್ಯಾಯವೂ ಉಂಟು, ಇಲ್ಲವೆನ್ನಬಾರದು. ದಿನವಿಡೀ ನಿಂತು ಕೆಲಸ ಮಾಡಿ ಬಂದವಳು ಬೆಂಡೆಕಾಯಿಯ ತುದಿ ಮುರಿಯಲಿಕ್ಕೆ ಆದಿ ಉಡುಪಿಗೆ ಹೋಗುತ್ತಾಳಾ? ಅವಳಿಗೆ ಸಮಯ ಇಲ್ಲ, ದುಡ್ಡು ಉಂಟು. ನನಗೆ ದುಡ್ಡು ಇಲ್ಲ, ಸಮಯ ಉಂಟು. ಇಬ್ಬರೂ ಇದ್ದದ್ದನ್ನು ಖರ್ಚು ಮಾಡುತ್ತೇವೆ.

ತೊಂದರೆ ಶುರುವಾದದ್ದು ಆ ವರ್ಷದ ಮಳೆಗಾಲದಲ್ಲಿ. ಯಾರ್ಡಿನ ಗೇಟಿನ ಹತ್ತಿರ ಕೆಸರಿನಲ್ಲಿ ಜಾರಿ ಬಿದ್ದೆ. ಮೊಣಕಾಲು ಬಾತಿತು. ಎರಡು ವಾರದಲ್ಲಿ ಸರಿಯೂ ಆಯಿತು. ಆದರೆ ಮನೆಯವರ ಬಾಯಿ ಸರಿಯಾಗಲಿಲ್ಲ.

“ಮಮ್ಮಿ, ನೀನಿನ್ನು ಯಾರ್ಡಿಗೆ ಹೋಗುವುದು ಬೇಡ” ಎಂದ ರೋಶನ್.

“ಹೌದು ಮಾಂಯ್. ಎಲ್ಲ ಮೊಬೈಲಿನಲ್ಲಿ ಬರುತ್ತದೆ. ನೀವು ಬಾಲ್ಕನಿಯಲ್ಲಿ ಆರಾಮ ಕೂತ್ಕೊಳ್ಳಿ” ಎಂದಳು ಲವೀನಾ.

ಬಾಲ್ಕನಿ. ಅಲ್ಲಿ ಚೌಕಾಶಿ ಯಾರ ಹತ್ತಿರ ಮಾಡಲಿ? ಕಾಗೆಯ ಹತ್ತಿರವಾ?

ನನ್ನ ಹತ್ತಿರ ಒಂದು ಕೆಂಪು ವಯರ್ ಬ್ಯಾಗು ಉಂಟು, ನಾನೇ ಹೆಣೆದದ್ದು. ವಾರಕ್ಕೊಮ್ಮೆ ಅದನ್ನು ಹಿಡಿದು ಹೊರಡುವುದು, ನಾಲ್ಕು ಜನರ ಹತ್ತಿರ ಮಾತಾಡುವುದು, ಮೂವರ ಹತ್ತಿರ ಜಗಳ ಮಾಡುವುದು, ಗೆದ್ದು ಬರುವುದು. ಆ ಬ್ಯಾಗನ್ನು ಮೊಳೆಗೆ ತೂಗುಹಾಕಿದರೆ ನನಗೆ ಉಳಿಯುವುದೆಂತ? ಹಾಗೆಂದು ನಾನು ಅಳಲಿಲ್ಲ. ಅಳುವುದರಿಂದ ತರಕಾರಿ ಬರುವುದಿಲ್ಲ.

ಸೆಪ್ಟೆಂಬರ್ ಬಂತು. ಎಂಟನೇ ತಾರೀಕಿಗೆ ನಮ್ಮ ಮೊಂತಿ ಹಬ್ಬ, ಮರಿಯಮ್ಮನವರ ಹುಟ್ಟಿದ ದಿನ. ಅಂದು ಇಗರ್ಜಿಯಿಂದ (ಚರ್ಚಿನಿಂದ) ಹೊಸ ತೆನೆ ಮನೆಗೆ ಬರುತ್ತದೆ, ಬಾಳೆಎಲೆಯಲ್ಲಿ ಸಸ್ಯಾಹಾರದ ಊಟ. ತರಕಾರಿಗಳ ಸಂಖ್ಯೆ ಬೆಸವೇ ಆಗಬೇಕು. ಮೂರು, ಐದು, ಏಳು, ಒಂಬತ್ತು. ನಮ್ಮ ಮನೆಯಲ್ಲಿ ಒಂಬತ್ತು. ಅದರಲ್ಲಿ ಕೆಸುವಿನ ದಂಟು ಇರಲೇಬೇಕು. ಕೆಸುವಿಲ್ಲದ ಮೊಂತಿ ಹಬ್ಬ ನಾನು ಕಂಡಿಲ್ಲ.

“ಒಂಬತ್ತೂ ಮೊಬೈಲಿನಲ್ಲಿ ತರಿಸುತ್ತೇನೆ” ಎಂದಳು ಲವೀನಾ ಚಾ ಕುಡಿಯುವಾಗ.

“ಕೆಸು ತೋರಿಸು ನೋಡುವ” ಎಂದೆ.

ಒತ್ತಿದಳು. ಮೊಬೈಲು ಸ್ವಲ್ಪ ಯೋಚಿಸಿ ಕೇಸರಿ ಬಾತಿನ ಪುಡಿ ತೋರಿಸಿತು.

“ಕೆಸು ಇಲ್ಲ. ಬದಲಿಗೆ ಬ್ರೊಕೊಲಿ ಹಾಕುವ ಮಾಂಯ್.”

“ಮರಿಯಮ್ಮನವರಿಗೆ ಬ್ರೊಕೊಲಿ ಗೊತ್ತುಂಟಾ?” ಎಂದು ಕೇಳಿದೆ.

ರೋಶನ್ ನಕ್ಕ. ಕಡೆಗೆ ಅವನೇ ಒಂದು ಒಪ್ಪಂದ ಮಾಡಿಸಿದ. ಹಬ್ಬದ ಮುನ್ನಾದಿನ ನಾನು ಯಾರ್ಡಿಗೆ ಹೋಗಬೇಕು. ಒಬ್ಬಳೇ ಹೋಗಿ ಒಬ್ಬಳೇ ಬರಬೇಕು, ಅವನನ್ನು ಬೈಕು ತರಲಿಕ್ಕೆ ಕರೆಯಬಾರದು. ಒಂಬತ್ತು ತರಕಾರಿ, ಕೆಸು ಸೇರಿ, ಮಧ್ಯಾಹ್ನ ಎರಡು ಗಂಟೆಯ ಒಳಗೆ ಅಡುಗೆಮನೆಯ ಮೇಜಿನ ಮೇಲಿರಬೇಕು. (ಮೂರಕ್ಕೆ ಲವೀನಾಳ ಡ್ಯೂಟಿ.) ತಂದರೆ ಬ್ಯಾಗು ನನ್ನದು, ಮುಂದೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ತರದಿದ್ದರೆ ಬ್ಯಾಗು ಮೊಳೆಗೆ.

“ಹೇಗೂ ಅಮ್ಮ ಆ ದಿನ ಕಾಪುವಿನಿಂದ ಬರುತ್ತಾರೆ, ಕತ್ತರಿಸಲಿಕ್ಕೆ ಜನ ಉಂಟು” ಎಂದಳು ಲವೀನಾ.

ಅವಳ ಅಮ್ಮ ಎಂದರೆ ನನ್ನ ಬೀಗಿತಿ, ತೆರೆಜಾ ಬಾಯಿ. ಬಸ್ಸು ಸ್ವಲ್ಪ ತಡವಾದರೆ ರಿಕ್ಷಾ ಹಿಡಿಯುವ ಹೆಂಗಸು. ಅವಳ ಎದುರು ಸೋಲುವುದಕ್ಕಿಂತ ಇನ್ನೊಂದು ಸಲ ಕೆಸರಿನಲ್ಲಿ ಬೀಳುವುದು ವಾಸಿ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆ. ಹೋಗುವಾಗ ಫ್ರೀ ಬಸ್ಸು ಕೂಡಲೇ ಸಿಕ್ಕಿತು. ಅಲ್ಲೇ ನನ್ನ ತಲೆ ತಿರುಗಿದ್ದು. ದೇವರು ನನ್ನ ಬದಿಗೇ ಇದ್ದಾರೆ ಎಂದು ತಿಳಿದೆ.

ಯಾರ್ಡಿನಲ್ಲಿ ನಾನು ಸುಮ್ಮನೆ ಯಾರ ಹತ್ತಿರವೂ ಕೊಳ್ಳುವುದಿಲ್ಲ. ಹಮೀದ್ ಬ್ಯಾರಿಯ ಹತ್ತಿರ ಹೋಗುವುದು. ಅವನಿಗೆ ಐವತ್ತೈದು ದಾಟಿದೆ, ನನ್ನ ಜೊತೆ ಹನ್ನೆರಡು ವರ್ಷದ ಜಗಳ.

“ಬನ್ನಿ ಬಾಯಮ್ಮ. ಕಾಲು ಸರಿ ಆಯಿತಾ?”

“ಕಾಲು ಸರಿ ಉಂಟು. ನಿನ್ನ ತಕ್ಕಡಿ ಸರಿ ಉಂಟಾ?”

“ನೀವು ಬಾರದೆ ಎರಡು ತಿಂಗಳು ವ್ಯಾಪಾರದಲ್ಲಿ ಲಾಭ ಇತ್ತು ಮಾರಾಯ್ರೆ. ಇವತ್ತಿಗೆ ಮುಗಿಯಿತು.”

ಬೆಂಡೆ, ಹೀರೆ, ಪಡುವಲ, ತೊಂಡೆ, ಅಲಸಂಡೆ, ಮುಳ್ಳುಸೌತೆ, ಹರಿವೆ, ಅಂಬಟೆ. ಎಂಟಾಯಿತು. ಪ್ರತಿಯೊಂದಕ್ಕೂ ನಾನು ಬೇಡ ಎಂದು ಎದ್ದೆ, ಅವನು ಕರೆದ. ಮುಳ್ಳುಸೌತೆಗೆ ಮಾತ್ರ ಅವನು ಕರೆಯಲಿಲ್ಲ, ನಾನೇ ತಿರುಗಿ ಬಂದೆ.

ಕೆಸುವಿನ ದಂಟು ಒಂದೇ ಕಟ್ಟು ಉಳಿದಿತ್ತು.

“ನಾಳೆ ನಿಮ್ಮ ಹಬ್ಬ, ಇವತ್ತು ಕೆಸುವಿಗೆ ಎಂಥ ಡಿಮ್ಯಾಂಡ್ ಗೊತ್ತುಂಟಾ? ಇದನ್ನು ನಿಮಗೆಂದೇ ಗೋಣಿಯ ಅಡಿ ಇಟ್ಟದ್ದು” ಎಂದ.

“ನನಗೆಂದು ಇಟ್ಟದ್ದಾದರೆ ರೇಟು ಕಮ್ಮಿ ಇರಬೇಕಲ್ಲ.”

“ಇಟ್ಟದ್ದು ನಿಮಗೆ. ರೇಟು ಎಲ್ಲರಿಗೂ ಒಂದೇ.”

ಕಡೆಗೆ ಎರಡು ಹಸಿಮೆಣಸು ಮೇಲೆ ಹಾಕಿಸಿಕೊಂಡು ಒಪ್ಪಿದೆ. ಅವನು ಕೆಸುವನ್ನು ಬಾಳೆನಾರಿನಿಂದ ಬಿಗಿದು ಕಟ್ಟಿದ. ಉದ್ದದ ಕಟ್ಟು, ನನ್ನ ಸೊಂಟಕ್ಕೆ ಬರುತ್ತಿತ್ತು. ಬ್ಯಾಗಿಗೆ ಹಿಡಿಸಲಿಲ್ಲ. ಒಂದು ಕೈಯಲ್ಲಿ ಬ್ಯಾಗು, ಒಂದು ಕೈಯಲ್ಲಿ ಕೆಸು, ಕಂಕುಳಲ್ಲಿ ಕೊಡೆ. ಹನ್ನೆರಡು ಗಂಟೆಗೆ ಉಡುಪಿಯ ಸ್ಟಾಪಿನಲ್ಲಿದ್ದೆ. ಮಣಿಪಾಲ ಇಪ್ಪತ್ತು ನಿಮಿಷದ ದಾರಿ. ಎರಡು ಗಂಟೆಗೆ ಇನ್ನೂ ಎರಡು ಗಂಟೆ.

ಕೆಸುವನ್ನು ಕಂಬಕ್ಕೆ ಒರಗಿಸಿದೆ. ಬ್ಯಾಗನ್ನು ಕಾಲಿನ ನಡುವೆ ಇಟ್ಟೆ. ಕಾದೆ.

ಮೊದಲು ಬಂದದ್ದು ಆ ಹಸಿರು ಬಸ್ಸು. ಕಂಡಕ್ಟರ್ ಸುಮಾರು ನಲವತ್ತೈದರ ಗಂಡಸು, ಮೀಸೆಗೆ ಕಪ್ಪು ಬಣ್ಣ, ತಲೆಗೆ ಬಣ್ಣವಿಲ್ಲ.

“ಮಣಿಪಾಲ, ಮಣಿಪಾಲ. ಬನ್ನಿ ಬಾಯಮ್ಮ, ಸೀಟು ಉಂಟು.”

“ಬೇಡ. ನನಗೆ ಅರ್ಜೆಂಟ್ ಇಲ್ಲ.”

“ಎಲ್ಲಿಗೆ ನಿಮಗೆ?”

“ಮಣಿಪಾಲಕ್ಕೇ. ನೀರಿನ ಟ್ಯಾಂಕಿನ ಹತ್ತಿರ.”

ಅವನು ನನ್ನ ಬ್ಯಾಗು ನೋಡಿದ, ಕೆಸು ನೋಡಿದ, ಮುಖ ನೋಡಿದ. ಅರ್ಥವಾಯಿತು ಅವನಿಗೆ. ಎರಡು ಸಲ ಸೀಟಿ ಊದಿ ಹೋದ.

ನಲವತ್ತು ನಿಮಿಷದಲ್ಲಿ ರಸ್ತೆಯ ಆಚೆ ಬದಿಯಲ್ಲಿ ಅದೇ ಬಸ್ಸು ತಿರುಗಿ ಬಂತು. ಬಾಗಿಲಲ್ಲಿ ನೇತಾಡುತ್ತಾ ಅವನು ನನ್ನನ್ನು ಕಂಡ, ಕೈ ಎತ್ತಿದ. ನಾನು ಬೇರೆ ಕಡೆ ನೋಡಿದೆ. ಐದು ನಿಮಿಷದಲ್ಲಿ ಈಚೆ ಬದಿಗೆ ಬಂದ.

“ಎಂತ ಬಾಯಮ್ಮ, ಇನ್ನೂ ಇಲ್ಲೇ ಇದ್ದೀರಾ? ನಾನು ಮಣಿಪಾಲಕ್ಕೆ ಹೋಗಿ ಚಾ ಕುಡಿದು ಬಂದೆ.”

“ಒಳ್ಳೆಯದಾಯಿತು. ಇನ್ನೊಂದು ಚಾ ಕುಡಿ, ಹೋಗು.”

“ನಿಮ್ಮ ಬಸ್ಸು ಇವತ್ತು ಬರುತ್ತದಾ, ನಾಳೆಯಾ?”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನನಗೆ ಈಗ ಹಟ ಬಂತು. ಇಲ್ಲಿಯವರೆಗೆ ಕಾದದ್ದು ಹದಿನೈದು ರೂಪಾಯಿಗೆ. ಇನ್ನು ಕಾಯುವುದು ಮಾನಕ್ಕೆ. ಮುಕ್ಕಾಲು ಗಂಟೆ ಕಾದ ಮೇಲೆ ದುಡ್ಡು ಕೊಟ್ಟು ಹತ್ತಿದರೆ ಆ ಮುಕ್ಕಾಲು ಗಂಟೆ ದಂಡವಲ್ಲವೇ? ಹಾಗಾಗಿ ಇನ್ನೊಂದು ಮುಕ್ಕಾಲು ಗಂಟೆ ಹಾಕಿದೆ. (ಇದು ಎಂಥ ಬುದ್ಧಿ ಎಂದು ಕೇಳುತ್ತೀರಾ? ಲಾಟರಿ ಆಡುವವನ ಬುದ್ಧಿಯೂ ಇದೇ.)

ಒಂದು ಗಂಟೆ ದಾಟಿತು. ಮೊಣಕಾಲು ನೆನಪಿಸಿತು, ನಾನು ಇನ್ನೂ ಇದ್ದೇನೆ ಎಂದು. ಆಚೆ ಬದಿಯಲ್ಲಿ ಹಸಿರು ಬಸ್ಸು ಮತ್ತೆ ಇಳಿದು ಹೋಯಿತು. ಅವನು ಈ ಸಲ ಕೈ ಎತ್ತಲಿಲ್ಲ, ತಲೆ ಅಲ್ಲಾಡಿಸಿದ. ಅದು ಇನ್ನೂ ಕೆಟ್ಟದು.

ಒಂದೂವರೆಗೆ ಬಂತು ನಮ್ಮ ಸರಕಾರಿ ಬಸ್ಸು.

ಬಂದದ್ದು ಹೌದು, ಆದರೆ ಹೇಗೆ ಬಂತು? ಉಡುಪಿಯ ಹೆಂಗಸರೆಲ್ಲ ಅದರೊಳಗೇ ಇದ್ದರು. ಕೆಳಗೆ ಕಾಯುವ ಜಾತಿಯವರು ಹದಿನೈದು ಜನ. ನಾನು ಕೊಡೆಯನ್ನು ಅಡ್ಡ ಹಿಡಿದು, ಬ್ಯಾಗನ್ನು ಎದೆಗೆ ಅವುಚಿ, ಒಳಗೆ ನುಗ್ಗಿದೆ. ಎಪ್ಪತ್ತೊಂದರ ಪ್ರಾಯದಲ್ಲಿ ಮೂರನೆಯವಳಾಗಿ ಹತ್ತಿದೆ. ಆಧಾರ್ ಕಾರ್ಡು ತೋರಿಸಿದೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೇಟು ಕೊಟ್ಟ. ಆ ಸೊನ್ನೆಯನ್ನು ನೋಡಿ ಎಷ್ಟು ಸಂತೋಷವಾಯಿತೆಂದರೆ, ನಿಂತು ಬಂದರೂ ಕೂತ ಹಾಗೆ ಅನಿಸಿತು.

ನೀರಿನ ಟ್ಯಾಂಕಿನ ಹತ್ತಿರ ಇಳಿದಾಗ ಒಂದು ಐವತ್ತು. ನಮ್ಮ ಫ್ಲ್ಯಾಟು ಸ್ಟಾಪಿನ ಎದುರೇ. ಗೆದ್ದೆ ಎಂದು ಬ್ಯಾಗು ಕೆಳಗಿಟ್ಟೆ. ಮೇಲೆ ಹೋಗಿ ಎಣಿಸಿ ಕೊಡುವ ಮೊದಲು ನಾನೇ ಒಮ್ಮೆ ಎಣಿಸುವ ಎಂದು ಬಗ್ಗಿದೆ.

ಬೆಂಡೆ, ಹೀರೆ, ಪಡುವಲ, ತೊಂಡೆ, ಅಲಸಂಡೆ, ಮುಳ್ಳುಸೌತೆ, ಹರಿವೆ, ಅಂಬಟೆ.

ಎಂಟು.

ಕೆಸು ಉಡುಪಿಯ ಕಂಬಕ್ಕೆ ಒರಗಿ ನಿಂತಿತ್ತು. ಫ್ರೀ ಬಸ್ಸು ಕಂಡ ಖುಷಿಯಲ್ಲಿ ನಾನು ಕೊಡೆ ಹಿಡಿದೆ, ಬ್ಯಾಗು ಹಿಡಿದೆ, ಆಧಾರ್ ಹಿಡಿದೆ. ಕೆಸು ಬಿಟ್ಟೆ.

ಎಂಟು ಸಮ ಸಂಖ್ಯೆ, ಹಬ್ಬಕ್ಕೆ ಆಗುವುದಿಲ್ಲ. ಒಂದನ್ನು ತೆಗೆದು ಏಳು ಮಾಡಬಹುದು. ಆದರೆ ಒಪ್ಪಂದ ಒಂಬತ್ತರದ್ದು, ಕೆಸು ಸೇರಿ. ಕೆಸುವಿನ ತುರಿಕೆ ತೆಗೆಯಲಿಕ್ಕೆಂದು ತಂದ ಅಂಬಟೆ ಬ್ಯಾಗಿನಲ್ಲಿ ನನ್ನನ್ನೇ ನೋಡುತ್ತಿತ್ತು. ತುರಿಕೆಯೇ ಇಲ್ಲದೆ ಅದಕ್ಕೆಂತ ಕೆಲಸ?

ತಿರುಗಿ ಹೋಗಲಿಕ್ಕೆ ಸಮಯ ಇಲ್ಲ. ರೋಶನನನ್ನು ಕರೆಯುವ ಹಾಗಿಲ್ಲ. ಮೊಬೈಲಿನಲ್ಲಿ ಕೆಸು ಇಲ್ಲ. ಇದ್ದದ್ದು ಹತ್ತು ನಿಮಿಷ. ಬ್ಯಾಗು ಮೊಳೆಯಲ್ಲಿ ತೂಗುವುದು ಕಣ್ಣೆದುರು ಕಂಡಿತು. ಬಾಲ್ಕನಿ ಕಂಡಿತು. ಕಾಗೆಯೂ ಕಂಡಿತು.

ಬಸ್ಸಿನ ಹಾರ್ನು ಕೇಳಿತು. ಆ ಹಸಿರು ಬಸ್ಸೇ. ನನ್ನ ಎದುರು ಬಂದು ನಿಂತಿತು. ಬಾಗಿಲಲ್ಲಿ ಅವನು, ಮೀಸೆಗೆ ಮಾತ್ರ ಬಣ್ಣವಿದ್ದವನು. ಕೈಯಲ್ಲಿ ಬಾಳೆನಾರು ಬಿಗಿದ ನನ್ನ ಕೆಸು.

“ಬಾಯಮ್ಮ, ನಿಮ್ಮ ಹಬ್ಬ ಕಂಬದ ಹತ್ತಿರ ಉಳಿದಿತ್ತು.”

ನಮ್ಮ ಕಡೆ ಬಸ್ಸಿನಲ್ಲಿ ಸಾಮಾನು ಕಳಿಸುವುದು ಹೊಸತಲ್ಲ. ಮದ್ದು, ಮಲ್ಲಿಗೆ, ಮರೆತ ಕನ್ನಡಕ, ಎಲ್ಲ ಕಂಡಕ್ಟರ್ ಕೈಗೆ ಕೊಟ್ಟರೆ ಆ ಸ್ಟಾಪಿನಲ್ಲಿ ಕಾಯುವವರಿಗೆ ಮುಟ್ಟುತ್ತದೆ. ಆದರೆ ಕೊಡುವವರು ಬೇಕು. ಇವನಿಗೆ ಯಾರೂ ಕೊಟ್ಟದ್ದಲ್ಲ. ಎರಡು ಟ್ರಿಪ್ಪು ತಮಾಷೆ ಮಾಡಿದವನು ಮೂರನೇ ಟ್ರಿಪ್ಪಿನಲ್ಲಿ ಬಸ್ಸು ನಿಲ್ಲಿಸಿ, ಇಳಿದು, ಕೆಸು ಎತ್ತಿಕೊಂಡು ಬಂದಿದ್ದ.

ಕೈ ಚಾಚಿದೆ. ಅವನು ಕೊಡಲಿಲ್ಲ.

“ಹದಿನೈದು ರೂಪಾಯಿ.”

“ಎಂತದ್ದಕ್ಕೆ?”

“ನಿಮಗೆ ಫ್ರೀ ಇರಬಹುದು. ಕೆಸುವಿಗೆ ಫ್ರೀ ಇಲ್ಲ. ಸೀಟಿನಲ್ಲೇ ಕೂತು ಬಂದದ್ದು ಅದು. ಟಿಕೇಟು ಹರಿದಾಯಿತು, ನೋಡಿ.”

ಹೌದು. ಬಾಳೆನಾರಿನ ಗಂಟಿನಲ್ಲಿ ಟಿಕೇಟು ಸಿಕ್ಕಿಸಿದ್ದ. ಉಡುಪಿಯಿಂದ ಮಣಿಪಾಲ, ಹದಿನೈದು ರೂಪಾಯಿ, ಫುಲ್ ಟಿಕೇಟು.

ಚೌಕಾಶಿ ಮಾಡಲಿಕ್ಕೆ ಬಾಯಿ ತೆರೆದೆ. “ಹಾಫ್ ಆಗುವುದಿಲ್ಲವಾ? ಇನ್ನೂ ಎಳೆಯ ಕೆಸು.”

ಅವನು ನಕ್ಕ, ಡ್ರೈವರ್ ನಕ್ಕ, ಮುಂದಿನ ಸೀಟಿನವರೆಲ್ಲ ನಕ್ಕರು. ಕೊಟ್ಟೆ, ಹದಿನೈದು. ಒಂದೂವರೆ ಗಂಟೆ ಕಾದು ಉಳಿಸಿದ ಅದೇ ಹದಿನೈದು.

ಆಗ ಅವನ ಬೆನ್ನಿನ ಹಿಂದಿನಿಂದ ಒಬ್ಬಳು ಹೊಸ ಸೀರೆಯ ಸೆರಗು ಹಿಡಿದು ಇಳಿದಳು. ತೆರೆಜಾ ಬಾಯಿ.

ಕಾಪುವಿನಿಂದ ಉಡುಪಿಗೆ ಬಂದವಳು ಅದೇ ಸ್ಟಾಪಿನಲ್ಲಿ ಈ ಬಸ್ಸು ಹತ್ತಿದ್ದಳು. ಇಪ್ಪತ್ತು ನಿಮಿಷದ ದಾರಿಯಲ್ಲಿ ಕಂಡಕ್ಟರ್ ಇಡೀ ಬಸ್ಸಿಗೆ ನನ್ನ ಕತೆ ಹೇಳಿದ್ದ.

“ಕೆಂಪು ವಯರ್ ಬ್ಯಾಗು, ಕಪ್ಪು ಕೊಡೆ, ಹದಿನೈದು ರೂಪಾಯಿ ಬಿಚ್ಚುವುದಿಲ್ಲ ಎಂದ. ನನ್ನ ಮಗಳ ಮಾಂಯ್ ಅಲ್ಲದೆ ಬೇರೆ ಯಾರು ಎಂದು ನಾನು ಆಗಲೇ ತಿಳಿದೆ” ಎಂದಳು.

“ತೆರೆಜಾ ಬಾಯಿ, ಈ ಮಾತು ಮೇಲೆ ಹೇಳಬೇಡಿ.” ಒಪ್ಪಂದದ ವಿಷಯ ಎರಡು ಮಾತಿನಲ್ಲಿ ಹೇಳಿದೆ. ಬ್ಯಾಗು, ಮೊಳೆ, ಬಾಲ್ಕನಿ.

ಅವಳು ಕೆಸುವಿನ ಕಡೆ ನೋಡಿದಳು, ನನ್ನ ಮೊಣಕಾಲಿನ ಕಡೆ ನೋಡಿದಳು. ಗಂಟಿನಿಂದ ಟಿಕೇಟು ಎಳೆದು ತನ್ನ ಪರ್ಸಿಗೆ ಹಾಕಿಕೊಂಡಳು.

“ಮರಿಯಮ್ಮನ ಆಣೆ. ಹಬ್ಬದ ಊಟ ಮುಗಿಯುವವರೆಗೆ ನಾನು ಬಾಯಿ ಬಿಡುವುದಿಲ್ಲ.”

ಆ ಮಾತಿನಲ್ಲಿ ಒಂದು ತೂತು ಉಂಟೆಂದು ನನಗೆ ಆಗ ಹೊಳೆಯಲಿಲ್ಲ. ಲಿಫ್ಟು ಹತ್ತಿದೆವು. ಎರಡಕ್ಕೆ ಎರಡು ನಿಮಿಷ ಇರುವಾಗ ಮೇಜಿನ ಮೇಲೆ ಒಂಬತ್ತು ತರಕಾರಿ. ಲವೀನಾ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು.

“ಮಾಂಯ್, ನೀವು ಮನುಷ್ಯರಲ್ಲ” ಎಂದಳು. ಹೊಗಳಿಕೆ ಎಂದೇ ಇಟ್ಟುಕೊಂಡೆ.

ಮರುದಿನ ಹಬ್ಬ. ಹೊಸ ತೆನೆಯ ಅಕ್ಕಿ ಹಾಲಿನಲ್ಲಿ ಹಾಕಿ ಎಲ್ಲರೂ ಕುಡಿದೆವು. ಬಾಳೆಎಲೆಯಲ್ಲಿ ಒಂಬತ್ತು ಬಗೆ. ಕಡಲೆಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ, ನಾವು ವೊರ್ನ್ ಎನ್ನುವುದು. ಕೆಸು ಬೆಣ್ಣೆಯ ಹಾಗೆ ಬೆಂದಿತ್ತು. ರೋಶನ್ ಮೂರು ಸಲ ಹಾಕಿಸಿಕೊಂಡ. ಬ್ಯಾಗು ಮಮ್ಮಿಯದ್ದೇ ಎಂದು ತೀರ್ಪನ್ನೂ ಕೊಟ್ಟ.

ಊಟ ಮುಗಿಯಿತು. ಕೈ ತೊಳೆದ ತೆರೆಜಾ ಬಾಯಿ ಪರ್ಸು ತೆಗೆದು ಟಿಕೇಟನ್ನು ಮೇಜಿನ ನಡುವೆ ಇಟ್ಟಳು.

“ಊಟ ಮುಗಿಯಿತಲ್ಲ” ಎಂದಳು ನನ್ನ ಕಡೆ ನೋಡಿ. ಮತ್ತೆ ಶುರು ಮಾಡಿದಳು. ಕಂಬದಿಂದ ಹಿಡಿದು ಎಳೆಯ ಕೆಸುವಿನ ಹಾಫ್ ಟಿಕೇಟಿನವರೆಗೆ ಒಂದು ಅಕ್ಷರ ಬಿಡಲಿಲ್ಲ. ಕಂಡಕ್ಟರ್ ಹೇಳದ್ದನ್ನೂ ಸೇರಿಸಿದಳು.

ರೋಶನ್ ನಕ್ಕು ನಕ್ಕು ನೆತ್ತಿಗೇರಿಸಿಕೊಂಡ. ನೀರು ಕುಡಿದು ಹೇಳಿದ, “ಮಮ್ಮಿ, ಕಾನೂನು ಪ್ರಕಾರ ನೀನು ಸೋತೆ. ನೀನು ಬೇರೆ ಬಸ್ಸಿನಲ್ಲಿ, ಕೆಸು ಬೇರೆ ಬಸ್ಸಿನಲ್ಲಿ. ಒಬ್ಬಳೇ ತಂದದ್ದು ಎಂದು ಹೇಗೆ ಹೇಳುವುದು?”

ಎಲ್ಲರೂ ನನ್ನ ಮುಖ ನೋಡಿದರು. ಸೋತೆ ಎಂದು ನಾನು ಹೇಳುವವಳಿದ್ದೆ. ಆದರೆ ಬೆಳಿಗ್ಗೆ ತೆಂಗಿನ ಹಾಲು ಇಡಲಿಕ್ಕೆ ಫ್ರಿಜ್ಜಿನ ಕೆಳಗಿನ ಪೆಟ್ಟಿಗೆ ತೆರೆದಿದ್ದೆ.

“ಸರಿ. ನನ್ನದು ಆಯಿತು. ಫ್ರಿಜ್ಜಿನ ಕೆಳಗಿರುವ ಆ ಬ್ರೊಕೊಲಿ ಯಾರದ್ದು?” ಎಂದೆ.

ಲವೀನಾಳ ಮುಖ ಕೆಂಪು ಹರಿವೆಯ ಬಣ್ಣಕ್ಕೆ ತಿರುಗಿತು.

“ಅದು... ನೀವು ಬಾರದಿದ್ದರೆ ಎಂದು ಬ್ಯಾಕಪ್, ಮಾಂಯ್.”

“ಎಷ್ಟು ಬಗೆ?”

“ಒಂಬತ್ತು.”

“ಮತ್ತೆ ಆರು ಸ್ಪಾಂಜಿನ ಹೊಸ ಪ್ಯಾಕೆಟು? ಅದು ಹತ್ತನೇ ತರಕಾರಿಯಾ?”

ಅವಳು ನಿಜ ಹೇಳಿದಳು. “ಡೆಲಿವರಿ ಫ್ರೀ ಆಗಲಿಕ್ಕೆ ಸ್ವಲ್ಪ ಕಮ್ಮಿ ಇತ್ತು. ಎಂತಾದರೂ ಒಂದು ಸೇರಿಸಬೇಕಲ್ಲ. ಸ್ಪಾಂಜಾದರೆ ಹಾಳಾಗುವುದಿಲ್ಲ.”

“ಪ್ರತಿ ಸಲ?”

“ಪ್ರತಿ ಸಲ.”

ಸಿಂಕಿನ ಕೆಳಗಿನ ಗುಡ್ಡದ ಗುಟ್ಟು ಅದು. ಹೆಲ್ಮೆಟ್ಟಿನವನು ಫ್ರೀ ಬರಲಿ ಎಂದು ಅವಳು ಸ್ಪಾಂಜು ಕೊಳ್ಳುತ್ತಿದ್ದಳು. ನಾನು ಫ್ರೀ ಹೋಗಲಿ ಎಂದು ಕೆಸು ಕಳೆಯುತ್ತಿದ್ದೆ. ಮೂರನೇ ಕ್ಲಾಸು ಕಲಿತವಳಿಗೂ ರಕ್ತ ಪರೀಕ್ಷೆ ಮಾಡುವವಳಿಗೂ ಒಂದೇ ಕಾಯಿಲೆ. ಅದರ ಹೆಸರು ಫ್ರೀ.

ಅಷ್ಟು ನಕ್ಕ ಹಬ್ಬ ನಮ್ಮ ಮನೆಯಲ್ಲಿ ಮೊದಲು ಆಗಿರಲಿಲ್ಲ. ತೆರೆಜಾ ಬಾಯಿಗೆ ಹೊಟ್ಟೆ ಹಿಡಿದುಕೊಂಡು ಕುರ್ಚಿ ಬೇಕಾಯಿತು. ಹೋಗುವಾಗ ಅವಳಿಗೆ ಬ್ರೊಕೊಲಿಯನ್ನೂ ಹತ್ತು ಸ್ಪಾಂಜನ್ನೂ ಕಟ್ಟಿಕೊಟ್ಟೆ. ಫ್ರೀ.

ರೋಶನ್ ಹೊಸ ತೀರ್ಪು ಕೊಟ್ಟ. ಬ್ಯಾಗು ನನ್ನ ಹತ್ತಿರವೇ ಇರುತ್ತದೆ, ಯಾರ್ಡಿಗೂ ಹೋಗುತ್ತೇನೆ. ಆದರೆ ಬರುವಾಗ ಮೊದಲು ಸಿಕ್ಕಿದ ಬಸ್ಸು ಹತ್ತಬೇಕು, ಅದು ಯಾರದ್ದೇ ಇರಲಿ. ಅಕ್ಕಿ, ಎಣ್ಣೆ, ಸಾಬೂನಿನಂಥ ಭಾರದ ಸಾಮಾನು ಮೊಬೈಲಿನಲ್ಲೇ ಬರಲಿ, ತಿಂಗಳಿಗೊಮ್ಮೆ ಒಟ್ಟಿಗೆ. ಸ್ಪಾಂಜಿಗೆ ನಿಷೇಧ.

ಒಪ್ಪಿದೆ. ಅಕ್ಕಿ ಮೂಟೆ ಬಾಗಿಲಿಗೆ ಬರುವುದು ಒಳ್ಳೆಯದೇ. ಅಕ್ಕಿಯ ಹತ್ತಿರ ಮಾತಾಡಲಿಕ್ಕೆ ಎಂತ ಉಂಟು? ಆದರೆ ಬೆಂಡೆಕಾಯಿಯನ್ನು ನಾನೇ ಮುರಿಯಬೇಕು, ಹಮೀದ್ ಬ್ಯಾರಿಯ ಬಾಯಿಯನ್ನು ನಾನೇ ಕೇಳಬೇಕು. ಅದಕ್ಕೆ ಬೇಕಾದರೆ ಹದಿನೈದು ರೂಪಾಯಿ ಖರ್ಚಾಗಲಿ. ಉಳಿಸಿದ ದುಡ್ಡಿನಿಂದ ಮಾಡುವುದಾದರೂ ಎಂತ? ಕಾಲಿಗೆ ಎಣ್ಣೆ ತರುವುದು.

ಮತ್ತೆ ಆ ಕಂಡಕ್ಟರ್. ಅವನ ವಿಷಯ ಯಾರೂ ಎತ್ತಲಿಲ್ಲ. ಹದಿನೈದು ರೂಪಾಯಿ ತೆಗೆದುಕೊಂಡ, ಹೌದು. ಆದರೆ ಬಸ್ಸು ನಿಲ್ಲಿಸಿ ಇಳಿದದ್ದಕ್ಕೆ ಟಿಕೇಟು ಯಾರು ಹರಿದರು?

ಮರುದಿನ ಬೆಳಿಗ್ಗೆ ಸ್ಟೀಲಿನ ಡಬ್ಬಿಯಲ್ಲಿ ವೊರ್ನ್ ತುಂಬಿಸಿ ನೀರಿನ ಟ್ಯಾಂಕಿನ ಸ್ಟಾಪಿಗೆ ಹೋದೆ. ಹೋದ ಕೂಡಲೇ ಸರಕಾರಿ ಬಸ್ಸು ಬಂತು. ಖಾಲಿ. ಕಂಡಕ್ಟರ್ ಬಗ್ಗಿ “ಬನ್ನಿ ಅಜ್ಜಿ” ಎಂದ. ನಾನು ಕೈ ಬೀಸಿ ಕಳಿಸಿದೆ. ಇನ್ನೂ ಆರು ಪ್ರೈವೇಟ್ ಬಸ್ಸು ಬಿಟ್ಟೆ. ಹದಿನೈದು ರೂಪಾಯಿ ಕೊಡಲಿಕ್ಕೆಂದು ಮುಕ್ಕಾಲು ಗಂಟೆ ಕಾದೆ. ಕಡೆಗೆ ಹಸಿರು ಬಸ್ಸು ಬಂದು ನಿಂತಾಗ ಹತ್ತಿ, ಡಬ್ಬಿಯನ್ನು ಅವನ ಮೀಸೆಯ ಎದುರು ಹಿಡಿದು ಕೇಳಿದೆ: “ಇದಕ್ಕೂ ಟಿಕೇಟು ಉಂಟಾ?”